ಸೂರ್ಯನ ಕಿಚ್ಚಿಗೆ ಕಾಂತದ ಬೇಲಿ: ವಿಜ್ಞಾನಿ ಡಾ. ಪ್ರೆಧಿಮನ್ ಕೃಷ್ಣ ಕಾವ್

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಟ್ಯೂಬ್‌ಲೈಟು ಎರಡು ಬಾರಿ ಮಿನುಗಿ, ಒಂದು ಕ್ಷಣ ತಡೆದು, ಅನಂತರ ಬೆಳಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈಚೆಗೆ ಎಲ್‌ಇಡಿ ದೀಪಗಳು ಬಂದು ಆ ಹಳೆಯ ಕೊಳವೆಗಳು ಒಂದೊಂದಾಗಿ ಮರೆಯಾಗುತ್ತಿವೆಯಾದರೂ, ಆ ಮಿನುಗನ್ನು ಮರೆತವರಿಲ್ಲ. ಆ ಗಾಜಿನ ಕೊಳವೆಯೊಳಗೆ ನಡೆಯುತ್ತಿದ್ದುದಾದರೂ ಏನು? ಒಳಗಿದ್ದ ವಿರಳವಾದ ಅನಿಲದ ಪರಮಾಣುಗಳಿಂದ ವಿದ್ಯುತ್ತಿನ ಒತ್ತಡಕ್ಕೆ ಎಲೆಕ್ಟ್ರಾನುಗಳು ಕಳಚಿಕೊಂಡು, ಅನಿಲವು ಅನಿಲವಾಗಿ ಉಳಿಯದೆ ಇನ್ನೊಂದು ಸ್ಥಿತಿಗೆ ಹೋಗುತ್ತಿತ್ತು. ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳನ್ನು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದೇವೆ. ಈ ನಾಲ್ಕನೆಯದಕ್ಕೆ ಪ್ಲಾಸ್ಮಾ ಎಂದು ಹೆಸರು. ರಕ್ತದ ಪ್ಲಾಸ್ಮಾಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. 1928ರಲ್ಲಿ ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಅವರು ಈ ಹೆಸರನ್ನಿಟ್ಟರು, ಅದೇ ಉಳಿದುಬಂದಿತು. ಮಳೆಗಾಲದ ಮಿಂಚು ಪ್ಲಾಸ್ಮಾ. ನಿತ್ಯವೂ ಬೆಳಗುವ ಸೂರ್ಯನೂ ಪ್ಲಾಸ್ಮಾ.

ಟ್ಯೂಬ್‌ಲೈಟಿನೊಳಗಿನ ಈ ವಸ್ತುವನ್ನು ಸೂರ್ಯನ ಒಡಲಿಗಿಂತಲೂ ಹೆಚ್ಚಾಗಿ ಕಾಯಿಸಿ, ಯಾವ ಪಾತ್ರೆಯನ್ನೂ ಮುಟ್ಟದಂತೆ ಅಂತರಿಕ್ಷದಲ್ಲಿ ತೂಗಿಟ್ಟು, ಅದರಿಂದ ಮನೆಮನೆಗೆ ವಿದ್ಯುತ್ತನ್ನು ಪಡೆಯಬಹುದೆಂದು ನಂಬಿ, ಆ ನಂಬಿಕೆಯ ಹಿಂದೆ ಆಯುಷ್ಯವನ್ನೇ ಸವೆಸಿದ ಒಬ್ಬ ಭಾರತೀಯ ವಿಜ್ಞಾನಿಯ ಪರಿಚಯವನ್ನು ಈ ತಿಂಗಳು ನಮ್ಮ ಓದುಗ ಬಾಂಧವರಿಗೆ ಮಾಡಿಕೊಡಲು ಬಯಸುತ್ತೇವೆ. ಅವರ ಹೆಸರು ಡಾ. ಪ್ರೆಧಿಮನ್ ಕೃಷ್ಣ ಕಾವ್. ಕಾವ್ ಎಂಬುದು ಕಾಶ್ಮೀರಿ ಪಂಡಿತರ ಒಂದು ಮನೆತನದ ಹೆಸರು. ನಮ್ಮ ಕನ್ನಡದ ಕಾವು ಎಂಬ ಮಾತಿಗೂ ಅದಕ್ಕೂ ಏನೇನೂ ನಂಟಿಲ್ಲವೆಂಬುದು ನಮಗೆ ಗೊತ್ತು. ಆದರೂ ಕೋಟಿ ಡಿಗ್ರಿಗಳ ಕಾವಿನೊಡನೆ ಬಾಳಿದವರ ಹೆಸರನ್ನು ಕನ್ನಡದ ಕಿವಿಯಿಂದ ಕೇಳಿದಾಗ ಮುಗುಳ್ನಗೆ ಬಾರದಿರದು.

ಒಡೆಯುವುದು ಮತ್ತು ಕೂಡಿಸುವುದು

ಪರಮಾಣು ವಿದ್ಯುತ್ತೆಂದೊಡನೆ ನಮ್ಮ ನಾಡಿನವರಿಗೆ ಕೈಗಾ ನೆನಪಾಗುತ್ತದೆ. ಅಲ್ಲಿ ನಡೆಯುವುದು ವಿದಳನ. ಎಂದರೆ ಯುರೇನಿಯಂನ ಭಾರವಾದ ಬೀಜವನ್ನು ಒಡೆದು ಶಕ್ತಿಯನ್ನು ಪಡೆಯುವ ಕ್ರಮ. ಸೂರ್ಯನಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಸಮ್ಮಿಲನ. ಹಗುರವಾದ ಜಲಜನಕದ ಬೀಜಗಳು ಒಂದರೊಳಗೊಂದು ಸೇರಿ ಹೀಲಿಯಂ ಆಗುತ್ತವೆ. ಸೇರುವಾಗ ಕಳೆದುಹೋಗುವ ಅಲ್ಪ ತೂಕವೇ ಅಪಾರ ಶಕ್ತಿಯಾಗಿ ಹೊಮ್ಮುತ್ತದೆ. ಭೂಮಿಯ ಮೇಲೆ ಇದನ್ನು ಸಾಧಿಸಲು ಜಲಜನಕದ ಎರಡು ಬಂಧುಗಳನ್ನು ವಿಜ್ಞಾನಿಗಳು ಆರಿಸಿಕೊಂಡಿದ್ದಾರೆ: ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಮೊದಲನೆಯದು ಸಮುದ್ರದ ನೀರಿನಲ್ಲಿಯೇ ಇದೆ. ಸಾವಿರ ಲೀಟರು ನೀರಿಗೆ ಸುಮಾರು 33 ಗ್ರಾಂ. ಎರಡನೆಯದು ನಿಸರ್ಗದಲ್ಲಿ ಇಲ್ಲವೆನ್ನುವಷ್ಟು ಕಡಿಮೆ; ಅದನ್ನು ಲಿಥಿಯಂ ಎಂಬ ಲೋಹದಿಂದ ಯಂತ್ರದೊಳಗೇ ಹುಟ್ಟಿಸಿಕೊಳ್ಳಬೇಕು.

ಇಷ್ಟು ಸುಲಭವಾಗಿ ಕೇಳಿಸುವ ಕಾರ್ಯವು ಎಪ್ಪತ್ತು ವರ್ಷಗಳಿಂದ ಏಕೆ ಕೈಗೂಡಿಲ್ಲ? ಬೀಜಗಳೆಲ್ಲವೂ ಧನ ವಿದ್ಯುತ್ತುಳ್ಳವು. ಅವು ಒಂದನ್ನೊಂದು ದೂರ ತಳ್ಳುತ್ತವೆ. ಆ ವಿರೋಧವನ್ನು ಮೀರಿ ಅವು ಕೂಡಬೇಕಾದರೆ ಅತಿವೇಗದಿಂದ ಧಾವಿಸಬೇಕು. ಎಂದರೆ ಪ್ಲಾಸ್ಮಾವು ಸುಮಾರು 15 ಕೋಟಿ ಡಿಗ್ರಿಯಷ್ಟು ಕಾಯಬೇಕು. ಸೂರ್ಯನ ನಡುವಿನ ಉಷ್ಣತೆ ಸುಮಾರು ಒಂದೂವರೆ ಕೋಟಿ ಡಿಗ್ರಿ. ಸೂರ್ಯನಿಗೆ ತನ್ನ ಅಗಾಧ ತೂಕದ ಒತ್ತಡವಿದೆ, ಕಾಲಾವಕಾಶವೂ ಇದೆ. ನಮಗೆ ಎರಡೂ ಇಲ್ಲವಾದುದರಿಂದ ಅದರ ಹತ್ತು ಪಟ್ಟು ಕಾವು ಬೇಕು. ಇಂಥ ಕೆಂಡವನ್ನು ಯಾವ ಕುಂಡದಲ್ಲಿ ಇಡಬೇಕು? ಯಾವ ಲೋಹವೂ ತಡೆಯದು. ಅದಕ್ಕಿಂತ ಮುಖ್ಯವಾಗಿ, ಗೋಡೆಯನ್ನು ಮುಟ್ಟಿದೊಡನೆ ಪ್ಲಾಸ್ಮಾವೇ ತಣ್ಣಗಾಗಿ ಆರಿಹೋಗುವುದು. ಈ ಕಾರಣದಿಂದಲೇ ಸಮ್ಮಿಲನದ ಯಂತ್ರ ಕೈಮೀರಿ ಸಿಡಿಯುವ ಭಯವಿಲ್ಲ. ಅದನ್ನು ಉರಿಸಿಡುವುದೇ ಕಷ್ಟ, ಆರಿಸುವುದಲ್ಲ.

ಉಪಾಯವನ್ನು ಮೊದಲು ಸೂಚಿಸಿದವರಲ್ಲಿ ಸೋವಿಯತ್ ರಷ್ಯದ ಇಗೋರ್ ಟಾಮ್ ಮತ್ತು ಆಂದ್ರೇ ಸಖರೋವ್ ಪ್ರಮುಖರು. ವಿದ್ಯುತ್ತುಳ್ಳ ಕಣಗಳು ಕಾಂತಕ್ಷೇತ್ರದ ರೇಖೆಗಳನ್ನು ಸುತ್ತುತ್ತಾ ಅವುಗಳ ಜೊತೆಯಲ್ಲೇ ಸಾಗುತ್ತವೆ. ನೆಟ್ಟನೆಯ ಕೊಳವೆಯಾದರೆ ತುದಿಯಲ್ಲಿ ಸೋರಿಹೋಗುತ್ತವೆ. ಆದ್ದರಿಂದ ಕೊಳವೆಯ ಎರಡು ತುದಿಗಳನ್ನು ಕೂಡಿಸಿ, ನಮ್ಮ ಕೋಡುಬಳೆಯಂತೆ ಉಂಗುರ ಮಾಡಬೇಕು. ಹಾಗೆ ಬಾಗಿಸಿದಾಗ ಒಳಬದಿಯಲ್ಲಿ ಕಾಂತದ ಬಲ ಹೆಚ್ಚು, ಹೊರಬದಿಯಲ್ಲಿ ಕಡಿಮೆಯಾಗಿ ಪ್ಲಾಸ್ಮಾ ಹೊರಕ್ಕೆ ಜಾರುತ್ತದೆ. ಇದನ್ನು ತಡೆಯಲು ಪ್ಲಾಸ್ಮಾದೊಳಗೇ ಬಲವಾದ ವಿದ್ಯುತ್ಪ್ರವಾಹವನ್ನು ಹರಿಸಿ, ಕಾಂತರೇಖೆಗಳನ್ನು ಹಗ್ಗದ ಹುರಿಯಂತೆ ತಿರುಚಬೇಕು. ಹೀಗೆ ರಚಿಸಿದ ಯಂತ್ರಕ್ಕೆ ರಷ್ಯನ್ನರು ಟೋಕಮಾಕ್ ಎಂದು ಹೆಸರಿಟ್ಟರು. 1968ರಲ್ಲಿ ನೊವೊಸಿಬಿರ್ಸ್ಕ್ ಸಮ್ಮೇಳನದಲ್ಲಿ ಅವರು ತಮ್ಮ ಟಿ-3 ಯಂತ್ರದ ಫಲಿತಾಂಶಗಳನ್ನು ಮುಂದಿಟ್ಟಾಗ ಪಾಶ್ಚಾತ್ಯರು ಮೊದಲು ನಂಬಲಿಲ್ಲ. ಮರುವರ್ಷ ಬ್ರಿಟನ್ನಿನ ಕಲ್ಹಾಮ್ ಪ್ರಯೋಗಾಲಯದ ತಂಡವೊಂದು ಲೇಸರ್ ಸಲಕರಣೆಯೊಡನೆ ಮಾಸ್ಕೋಗೆ ಹೋಗಿ ಅಳೆದು ನೋಡಿತು. ರಷ್ಯನ್ನರು ಹೇಳಿದ್ದು ನಿಜವಾಗಿತ್ತು. ಶೀತಲ ಸಮರದ ನಡುವೆ ಒಂದು ದೇಶದ ವಿಜ್ಞಾನಿಗಳು ಎದುರು ಪಾಳೆಯಕ್ಕೆ ಹೋಗಿ ಅವರ ಮಾತು ಸತ್ಯವೆಂದು ಸಾಕ್ಷಿ ನುಡಿದ ಈ ಪ್ರಸಂಗ ನಮಗೆ ಬಹಳ ಪ್ರಿಯವಾದುದು.

ಭಾರತಕ್ಕೂ ಈ ಕಥೆಯಲ್ಲಿ ಮೊದಲಿನಿಂದಲೇ ಒಂದು ಪಾಲಿದೆ. 1955ರ ಆಗಸ್ಟಿನಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯು ಪರಮಾಣು ಶಕ್ತಿಯ ಶಾಂತಿಯುತ ಬಳಕೆಯ ಬಗ್ಗೆ ಪ್ರಥಮ ಸಮ್ಮೇಳನವನ್ನು ನಡೆಸಿದಾಗ ಅಧ್ಯಕ್ಷ ಪೀಠದಲ್ಲಿದ್ದವರು ನಮ್ಮ ಹೋಮಿ ಭಾಭಾ ಅವರು. ದೊಡ್ಡ ರಾಷ್ಟ್ರಗಳು ಸಮ್ಮಿಲನದ ಸಂಶೋಧನೆಯನ್ನು ಗುಟ್ಟಾಗಿ ಇರಿಸಿಕೊಂಡಿದ್ದ ಕಾಲವದು. ಇನ್ನೆರಡು ದಶಕಗಳಲ್ಲಿ ಸಮ್ಮಿಲನ ಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ದಾರಿ ದೊರೆಯುವುದೆಂದು ಭಾಭಾ ಅವರು ತುಂಬಿದ ಸಭೆಯಲ್ಲಿ ಭವಿಷ್ಯ ನುಡಿದರು. ಆ ಭವಿಷ್ಯ ಫಲಿಸಲಿಲ್ಲ. ಆದರೆ ಆ ಮಾತಿನ ಬಳಿಕ ವಿಷಯ ಗುಟ್ಟಾಗಿ ಉಳಿಯುವುದು ಕಷ್ಟವಾಯಿತು. 1958ರ ಎರಡನೆಯ ಜಿನೀವಾ ಸಮ್ಮೇಳನದಲ್ಲಿ ಎಲ್ಲ ದೇಶಗಳೂ ತಮ್ಮ ಕೆಲಸವನ್ನು ಬಹಿರಂಗಪಡಿಸಿದವು. ಭಾಭಾ ಅವರು ಜಿನೀವಾದಲ್ಲಿ ಮಾತನಾಡಿದಾಗ ನಮ್ಮ ಕಥಾನಾಯಕರಿಗೆ ಏಳು ವರ್ಷ ವಯಸ್ಸು.

ಹದಿನೆಂಟಕ್ಕೆ ಡಾಕ್ಟರ್

ಡಾ. ಕಾವ್ ಅವರು 1948ರ ಜನವರಿ 15ರಂದು ಕಾಶ್ಮೀರದ ಶ್ರೀನಗರದಲ್ಲಿ ಜನಿಸಿದರು. ಬುದ್ಧಿ ಎಷ್ಟು ತೀಕ್ಷ್ಣವಾಗಿತ್ತೆಂದರೆ, ನಮ್ಮ ಹುಡುಗರು ಪಿಯುಸಿ ಮುಗಿಸಿ ಮುಂದೇನೆಂದು ಯೋಚಿಸುವ ವಯಸ್ಸಿನಲ್ಲಿ, ಎಂದರೆ ಹದಿನೆಂಟರಲ್ಲಿ, ಅವರು ದೆಹಲಿಯ ಐಐಟಿಯಿಂದ ಡಾಕ್ಟರೇಟ್ ಪಡೆದರು. ಅದು 1966. ಆ ಸಂಸ್ಥೆಗೆ ಐಐಟಿ ಎಂಬ ಹೆಸರು ಬಂದು ಆಗ ಕೇವಲ ಮೂರು ವರ್ಷವಾಗಿತ್ತು. ಅದರ ಪ್ರಥಮ ಸಂಶೋಧಕರ ಸಾಲಿನಲ್ಲಿ ಅವರು ಒಬ್ಬರು. ಮಾರ್ಗದರ್ಶಕರಾಗಿದ್ದವರು ಪ್ರೊ. ಮಹೇಂದ್ರ ಸಿಂಗ್ ಸೋಢಾ ಅವರು.

ಚಿಕ್ಕ ವಯಸ್ಸಿನಲ್ಲಿ ಪದವಿಗಳನ್ನು ಗಳಿಸಿದವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಿರುತ್ತೇವೆ. ಹತ್ತು ವರ್ಷಗಳ ಬಳಿಕ ಅವರಲ್ಲಿ ಎಷ್ಟು ಮಂದಿಯ ಹೆಸರು ಕೇಳಿಬರುತ್ತದೆ ಎಂಬುದು ಬೇರೆಯ ಮಾತು. ಡಾ. ಕಾವ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. 1967ರಲ್ಲಿ ಅವರು ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋಗಿ, ಪ್ಲಾಸ್ಮಾ ವಿಜ್ಞಾನದ ಹಿರಿಯರಲ್ಲೊಬ್ಬರಾದ ಜಾನ್ ಡಾಸನ್ ಅವರೊಡನೆ ಕೆಲಸ ಮಾಡಿದರು. ಪ್ಲಾಸ್ಮಾದ ಅಸಂಖ್ಯಾತ ಕಣಗಳ ಚಲನೆಯನ್ನು ಗಣಕಯಂತ್ರದಲ್ಲಿ ಅನುಕರಿಸಿ ತಿಳಿಯುವ ವಿಧಾನಕ್ಕೆ ದಾರಿ ಹಾಕಿದವರಲ್ಲಿ ಡಾಸನ್ ಒಬ್ಬರು. ಗುರು ಶಿಷ್ಯರಿಬ್ಬರೂ ಸೇರಿ 1970ರಲ್ಲಿ ಪ್ರಕಟಿಸಿದ ಒಂದು ಲೇಖನದ ಸಾರವನ್ನು ಇಲ್ಲಿ ಹೇಳಬಹುದು. ಸಾಂದ್ರವಾದ ಪ್ಲಾಸ್ಮಾದೊಳಕ್ಕೆ ಸಾಧಾರಣ ಬೆಳಕು ಹೋಗಲಾರದು; ಕನ್ನಡಿಗೆ ತಗುಲಿದಂತೆ ಹಿಂದಿರುಗುತ್ತದೆ. ಆದರೆ ಬೆಳಕು ಅತಿ ಪ್ರಬಲವಾಗಿದ್ದರೆ ಅದರ ಹೊಡೆತಕ್ಕೆ ಎಲೆಕ್ಟ್ರಾನುಗಳು ಬೆಳಕಿನ ವೇಗವನ್ನು ಸಮೀಪಿಸುವಂತೆ ಓಡಾಡಿ, ಐನ್‌ಸ್ಟೈನರ ಸಿದ್ಧಾಂತದಂತೆ ಭಾರವಾಗುತ್ತವೆ, ಭಾರವಾದ ಎಲೆಕ್ಟ್ರಾನುಗಳು ಬೆಳಕನ್ನು ತಡೆಯಲಾರವು, ಕನ್ನಡಿಯೇ ಗಾಜಾಗುತ್ತದೆ. ಅಷ್ಟು ಬಲಶಾಲಿಯಾದ ಲೇಸರುಗಳು ಆಗ ಜಗತ್ತಿನಲ್ಲಿರಲಿಲ್ಲ. ದಶಕಗಳ ನಂತರ ಅವು ಬಂದವು. ಆಗ ವಿಜ್ಞಾನಿಗಳು ಈ ಹಳೆಯ ಲೇಖನವನ್ನು ಮತ್ತೆ ತೆರೆದರು.

1971ರಲ್ಲಿ ಅವರು ಸ್ವದೇಶಕ್ಕೆ ಮರಳಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸೇರಿದರು. ಇದು ವಿಕ್ರಮ್ ಸಾರಾಭಾಯಿ ಅವರು 1947ರಲ್ಲಿ ಸ್ಥಾಪಿಸಿದ ಸಂಸ್ಥೆ. ಆ ವರ್ಷದ ಕೊನೆಯಲ್ಲಿ ಸಾರಾಭಾಯಿ ಅವರು ತೀರಿಕೊಂಡರು. ನಾಲ್ಕು ವರ್ಷಗಳ ತರುವಾಯ, 1975ರಲ್ಲಿ, ಡಾ. ಕಾವ್ ಅವರು ಮತ್ತೆ ಪ್ರಿನ್ಸ್‌ಟನ್ನಿಗೆ ತೆರಳಿದರು. ಇದನ್ನು ನಾವು ಮರೆಮಾಚುವುದಿಲ್ಲ. ಮಹನೀಯರ ಜೀವನವನ್ನು ಬರೆಯುವಾಗ ಅವರು ಒಮ್ಮೆ ಬಂದವರು ಮತ್ತೆ ಹೋಗಲೇ ಇಲ್ಲವೆಂಬಂತೆ ಬರೆಯುವ ವಾಡಿಕೆ ನಮ್ಮಲ್ಲಿದೆ. ಜಗತ್ತಿನ ದೊಡ್ಡ ಟೋಕಮಾಕುಗಳು ನಿರ್ಮಾಣವಾಗುತ್ತಿದ್ದ ಸ್ಥಳಕ್ಕೆ ಆ ವಿಷಯದ ತರುಣ ಪಂಡಿತರೊಬ್ಬರು ಹೋದದ್ದರಲ್ಲಿ ಆಶ್ಚರ್ಯವೇನಿದೆ?

ನಾವು ಗಮನಿಸಬೇಕಾದುದು ಅವರು ಯಾವಾಗ ಹಿಂದಿರುಗಿದರೆಂಬುದನ್ನು. 1978ರಲ್ಲಿ ಪ್ರಿನ್ಸ್‌ಟನ್ನಿನ ಪಿಎಲ್‌ಟಿ ಯಂತ್ರದಲ್ಲಿ ಪ್ಲಾಸ್ಮಾವನ್ನು 6 ಕೋಟಿ ಡಿಗ್ರಿಗೆ ಕಾಯಿಸಿದ್ದರು. ಅದರ ಪಕ್ಕದಲ್ಲೇ ಟಿಎಫ್‌ಟಿಆರ್ ಎಂಬ ಇನ್ನೂ ದೊಡ್ಡ ಯಂತ್ರ ಎದ್ದುನಿಲ್ಲುತ್ತಿತ್ತು. 1982ರ ಡಿಸೆಂಬರ್ 24ರಂದು ಅದರಲ್ಲಿ ಮೊದಲ ಪ್ಲಾಸ್ಮಾ ಬೆಳಗಿತು. ಅದೇ 1982ರಲ್ಲಿ ಡಾ. ಕಾವ್ ಅವರು ಅಲ್ಲಿಂದ ಹೊರಟು ಅಹಮದಾಬಾದಿಗೆ ಬಂದರು. ವಯಸ್ಸು ಮೂವತ್ತನಾಲ್ಕು. ಸಿದ್ಧವಾದ ಊಟದ ಪಂಕ್ತಿಯಿಂದ ಎದ್ದುಬಂದು, ಒಲೆ ಹೂಡಲು ಕಲ್ಲು ಹುಡುಕುವ ಕೆಲಸಕ್ಕೆ ಕೈಹಾಕಿದಂತೆ ಇದು. ಇಲ್ಲಿ ಆಗ ಇದ್ದುದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ಒಂದು ಪ್ಲಾಸ್ಮಾ ಕಾರ್ಯಕ್ರಮ ಮಾತ್ರ. ಟೋಕಮಾಕ್ ಇರಲಿಲ್ಲ. ಅದನ್ನು ಕಟ್ಟಿ ಅನುಭವವಿದ್ದವರು ದೇಶದಲ್ಲಿ ಇರಲಿಲ್ಲ.

ಆದಿತ್ಯ

1986ರಲ್ಲಿ ಈ ಕಾರ್ಯಕ್ರಮವು ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಎಂಬ ಸ್ವತಂತ್ರ ಸಂಸ್ಥೆಯಾಗಿ ಬೆಳೆದು, ಅಹಮದಾಬಾದಿಗೂ ಗಾಂಧಿನಗರಕ್ಕೂ ನಡುವೆ ಸಾಬರಮತಿಯ ದಡದ ಭಾಟ್ ಗ್ರಾಮದಲ್ಲಿ ನೆಲೆಯೂರಿತು. ಡಾ. ಕಾವ್ ಅವರು ಅದರ ನಿರ್ದೇಶಕರಾದರು. 2012ರವರೆಗೆ, ಎಂದರೆ ಇಪ್ಪತ್ತಾರು ವರ್ಷ, ಆ ಹೊಣೆಯನ್ನು ಹೊತ್ತರು.

ಎದುರಿಗಿದ್ದ ಪ್ರಶ್ನೆ ನಮ್ಮ ಸಂಸಾರಗಳಲ್ಲಿಯೂ ಬರುವಂಥದ್ದೇ. ಸಿದ್ಧ ವಸ್ತುವನ್ನು ಕೊಂಡು ತರುವುದೋ, ಮನೆಯಲ್ಲಿ ಮಾಡಿಕೊಳ್ಳುವುದೋ? ಕೊಳ್ಳುವ ದಾರಿ ಇತ್ತು. ಕಲ್ಕತ್ತದ ಸಾಹಾ ಸಂಸ್ಥೆಯವರು ಜಪಾನಿನ ತೋಷಿಬಾ ಕಂಪನಿಯಿಂದ ಒಂದು ಸಣ್ಣ ಟೋಕಮಾಕನ್ನು ತರಿಸಿ, 1987ರಲ್ಲಿ ಅದರ ಮೇಲೆ ಪ್ರಯೋಗಗಳನ್ನು ಪ್ರಾರಂಭಿಸಿದರು. ಅದು ತಪ್ಪೇನಲ್ಲ, ಅಲ್ಲಿಯೂ ಒಳ್ಳೆಯ ಕೆಲಸ ನಡೆಯಿತು. ಭಾಟ್ ಗ್ರಾಮದವರು ಮಾತ್ರ ತಾವೇ ವಿನ್ಯಾಸ ಮಾಡಿ ತಾವೇ ಕಟ್ಟುವುದೆಂದು ಹೊರಟರು. ಸ್ವತಃ ಸಿದ್ಧಾಂತದ ಪಂಡಿತರಾದ, ಕಾಗದ ಮತ್ತು ಸೀಸದಕಡ್ಡಿಯಿಂದ ಜಗತ್ತಿನಲ್ಲೆಲ್ಲ ಹೆಸರು ಮಾಡಬಲ್ಲವರಾಗಿದ್ದ ಒಬ್ಬರು ತಾಮ್ರದ ಸುರುಳಿ, ನಿರ್ವಾತ ಪಂಪು, ಬೆಸುಗೆಗಳ ಚಿಂತೆಯನ್ನು ತಲೆಗೆ ಹಚ್ಚಿಕೊಂಡುದು ಇಲ್ಲಿಯ ವಿಶೇಷ.

ಆ ಯಂತ್ರಕ್ಕೆ ಇಟ್ಟ ಹೆಸರು ಆದಿತ್ಯ. 1989ರಲ್ಲಿ ಅದು ಕೆಲಸ ಆರಂಭಿಸಿತು. ಉಂಗುರದ ಮಧ್ಯಬಿಂದುವಿನಿಂದ ಕೊಳವೆಯ ನಡುವಿಗೆ 75 ಸೆಂಟಿಮೀಟರು. ಪ್ಲಾಸ್ಮಾದ ತ್ರಿಜ್ಯ 25 ಸೆಂಟಿಮೀಟರು. ಪ್ರಿನ್ಸ್‌ಟನ್ನಿನ ಯಂತ್ರದ ಮುಂದೆ ಇದು ಆಟಿಕೆ ಎನ್ನಬಹುದು. ಆದರೆ ಅದರ ಕಾಂತದ ಬಲ 1.5 ಟೆಸ್ಲಾವರೆಗೆ, ಎಂದರೆ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರದ ಸುಮಾರು ಮೂವತ್ತು ಸಾವಿರ ಪಟ್ಟು. ಒಳಗೆ ಉರಿಯುವ ಪ್ಲಾಸ್ಮಾದ ಕಾವು ಲಕ್ಷಾಂತರ ಡಿಗ್ರಿ. ಉರಿಯುತ್ತಿದ್ದುದು ಎಷ್ಟು ಹೊತ್ತು? ಕಣ್ಣೆವೆ ಇಕ್ಕುವಷ್ಟು ಹೊತ್ತೂ ಅಲ್ಲ. ಸೆಕೆಂಡಿನ ಸಾವಿರದ ಪಾಲುಗಳಲ್ಲಿ ಅದನ್ನು ಎಣಿಸಬೇಕು.

ಇಷ್ಟು ಅಲ್ಪಕಾಲ ಏಕೆ ಎಂದು ಓದುಗರು ಕೇಳಬಹುದು. ನಮ್ಮ ಬೀದಿಯ ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಸುರುಳಿಯ ವಿದ್ಯುತ್ತು ಬದಲಾಗುತ್ತಿದ್ದರೆ ಮಾತ್ರ ಇನ್ನೊಂದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಟೋಕಮಾಕಿನಲ್ಲಿ ಆ ಎರಡನೆಯ ಸುರುಳಿ ಎಂದರೆ ಪ್ಲಾಸ್ಮಾವೇ. ಮೊದಲ ಸುರುಳಿಯ ವಿದ್ಯುತ್ತನ್ನು ಎಲ್ಲಿಯವರೆಗೆ ಏರಿಸುತ್ತಾ ಹೋಗಬಹುದು? ಒಂದು ಮಿತಿ ಇದೆ. ಅದು ಮುಗಿದೊಡನೆ ಪ್ಲಾಸ್ಮಾದ ಪ್ರವಾಹವೂ ನಿಲ್ಲುತ್ತದೆ. ಅದಲ್ಲದೆ ತಾಮ್ರದ ಸುರುಳಿಗಳೂ ಕಾಯುತ್ತವೆ. ಈ ಎರಡು ತೊಡಕುಗಳೇ ಮುಂದಿನ ಕಥೆಗೆ ಕಾರಣವಾಗುತ್ತವೆ.

ಪುಟ್ಟ ಆದಿತ್ಯನಿಂದ ಒಂದು ದೊಡ್ಡ ವಿಷಯ ತಿಳಿದುಬಂದಿತು. ಪ್ಲಾಸ್ಮಾ ಕಾಂತದ ಬೇಲಿಯನ್ನು ದಾಟಿ ಸೋರುವುದು ಎಲ್ಲ ಟೋಕಮಾಕುಗಳ ರೋಗ. ಆ ಸೋರಿಕೆಗೆ ಕಾರಣವಾದ ಅಂಚಿನ ಕ್ಷೋಭೆಯನ್ನು ಸೂಕ್ಷ್ಮ ಸಲಕರಣೆಗಳಿಂದ ಅಳೆದಾಗ, ಅದು ನಲ್ಲಿಯ ನೀರಿನಂತೆ ಸಮನಾಗಿ ಹರಿಯದೆ, ಬಿಟ್ಟುಬಿಟ್ಟು ಗುಳುಕು ಗುಳುಕಾಗಿ ಹೊರಬೀಳುವ ಲಕ್ಷಣವುಳ್ಳದ್ದೆಂದು ಆದಿತ್ಯ ತಂಡದವರು ಕಂಡರು. ಆರ್. ಝಾ, ಕಾವ್ ಮತ್ತು ಸಂಗಡಿಗರ ಈ ಲೇಖನ 1992ರಲ್ಲಿ ಅಮೆರಿಕದ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಟೋಕಮಾಕಿನ ಅಂಚಿನ ಈ ಬಿಟ್ಟುಬಿಟ್ಟು ಬರುವ ಗುಣ ಮುಂದೆ ಅನೇಕ ದೇಶಗಳ ಪ್ರಯೋಗಾಲಯಗಳಲ್ಲಿ ಅಧ್ಯಯನದ ವಿಷಯವಾಯಿತು. ದೊಡ್ಡ ಯಂತ್ರವಿಲ್ಲದವರು ದೊಡ್ಡ ಪ್ರಶ್ನೆಯನ್ನೇ ಕೇಳಬಾರದೆಂಬ ನಿಯಮವೇನೂ ಇಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ವಿಜ್ಞಾನದಲ್ಲಿ ಆಸಕ್ತಿಯಿಲ್ಲದ ತಾಯಂದಿರಿಗೂ ಇದು ರುಚಿಸೀತು. ಅಂಗೋರಾ ಮೊಲದ ಉಣ್ಣೆ ಬಹಳ ಮೃದು, ಬಹಳ ಬೆಚ್ಚಗೆ. ಆದರೆ ಎಳೆಗಳು ನುಣುಪಾಗಿರುವುದರಿಂದ ಜಾರಿಹೋಗಿ, ನೂಲಲು ಬಾರದು. ಸಂಸ್ಥೆಯ ವಿಜ್ಞಾನಿಗಳು ಆ ಎಳೆಗಳನ್ನು ತಣ್ಣನೆಯ ಪ್ಲಾಸ್ಮಾದ ಮೂಲಕ ಹಾಯಿಸಿ, ಮೇಲ್ಮೈಯನ್ನು ತುಸು ಒರಟಾಗಿಸಿ, ರಾಸಾಯನಿಕಗಳ ಹಂಗಿಲ್ಲದೆ ನೂಲುವಂತೆ ಮಾಡಿದರು. ಆಸ್ಪತ್ರೆಗಳ ಕಸವನ್ನು ಪ್ಲಾಸ್ಮಾದ ಉರಿಯಲ್ಲಿ ನಿರಪಾಯವಾಗಿ ನಾಶಮಾಡುವ ಒಲೆ, ಉಕ್ಕಿನ ಯಂತ್ರಭಾಗಗಳನ್ನು ಗಡಸುಗೊಳಿಸುವ ವಿಧಾನ ಮುಂತಾದುವೂ ಬಂದವು. ಇವಕ್ಕೆಂದೇ ಗಾಂಧಿನಗರದಲ್ಲಿ ಬೇರೊಂದು ಕೇಂದ್ರವನ್ನು ತೆರೆದು, ಪ್ರಯೋಗವಿಜ್ಞಾನಿ ಡಾ. ಪಿ. ಐ. ಜಾನ್ ಅವರ ನೇತೃತ್ವದಲ್ಲಿ ನಡೆಸಲಾಯಿತು. ದೂರದ ಗುರಿಯನ್ನು ಇಟ್ಟುಕೊಂಡವರು ದಾರಿಯಲ್ಲಿ ಊರಿಗೆ ಉಪಕಾರವಾಗುವುದನ್ನು ಮರೆಯಲಿಲ್ಲ.

ಕಟ್ಟಿದ್ದನ್ನು ಕಳಚಿ ಮತ್ತೆ ಕಟ್ಟಿದ ಕಥೆ

1990ರ ದಶಕದಲ್ಲಿ ಡಾ. ಕಾವ್ ಅವರ ಸಂಸ್ಥೆ ಎರಡನೆಯ ಹೆಜ್ಜೆಯನ್ನು ಇಟ್ಟಿತು. ಎಸ್‌ಎಸ್‌ಟಿ-1 ಎಂಬ ಹೊಸ ಟೋಕಮಾಕಿನಲ್ಲಿ ಪ್ಲಾಸ್ಮಾವನ್ನು ಕ್ಷಣಕಾಲವಲ್ಲ, 1000 ಸೆಕೆಂಡು ಉರಿಸಬೇಕೆಂಬುದು ಸಂಕಲ್ಪ. ತಾಮ್ರದ ಸುರುಳಿಗೆ ಬದಲಾಗಿ ನಯೋಬಿಯಂ ಮತ್ತು ಟೈಟೇನಿಯಂ ಮಿಶ್ರಲೋಹದ ಅತಿವಾಹಕ ಸುರುಳಿಗಳು. ಇವು ದ್ರವ ಹೀಲಿಯಂನಿಂದ ಸೊನ್ನೆಗಿಂತ ಕೆಳಗೆ 269 ಡಿಗ್ರಿಯಷ್ಟು ತಂಪಾದಾಗ ವಿದ್ಯುತ್ತಿಗೆ ಕಿಂಚಿತ್ತೂ ತಡೆಯೊಡ್ಡುವುದಿಲ್ಲ. ಆದ್ದರಿಂದ ಕಾಯುವುದೂ ಇಲ್ಲ. ಒಂದು ಕಡೆ ಜಗತ್ತಿನ ಅತ್ಯಂತ ಬಿಸಿಯಾದ ವಸ್ತು. ಅದರಿಂದ ಕೆಲವೇ ಅಡಿಗಳ ಆಚೆ ಅತ್ಯಂತ ತಂಪಾದ ವಸ್ತು. ನಡುವೆ ನಿರ್ವಾತ.

ಯಂತ್ರವನ್ನು ಜೋಡಿಸಿ ಮುಗಿಸಿ, ತಂಪುಗೊಳಿಸಲು ಹೊರಟಾಗ ವಿಘ್ನ ಎದುರಾಯಿತು. ಎಲ್ಲೋ ಹೀಲಿಯಂ ಸೋರುತ್ತಿತ್ತು. ಸುರುಳಿಗಳ ಕೀಲುಗಳು ಇರಬೇಕಾದಷ್ಟು ನಿರ್ದೋಷವಾಗಿರಲಿಲ್ಲ. ಸಾಧಾರಣ ಉಷ್ಣತೆಯಲ್ಲಿ ಕಾಣದ ಸೋರಿಕೆ ಲೋಹ ಕುಗ್ಗಿದಾಗ ಬಾಯಿ ತೆರೆಯುತ್ತದೆ. ಸೂಜಿಮೊನೆಯಷ್ಟು ರಂಧ್ರ ಸಾಕು, ನಿರ್ವಾತ ಕೆಟ್ಟು ಎಲ್ಲವೂ ವ್ಯರ್ಥ. ಒಳಗೆ ಹುದುಗಿದ ಆ ರಂಧ್ರವನ್ನು ಹೊರಗಿನಿಂದ ತೇಪೆ ಹಾಕಿ ಮುಚ್ಚಲಾಗದು. ವರ್ಷಗಟ್ಟಲೆ ದುಡಿದು ಜೋಡಿಸಿದ್ದನ್ನು ಕಳಚದೆ ಗತಿಯಿರಲಿಲ್ಲ.

ಮನೆ ಕಟ್ಟಿಸಿದವರಿಗೆ ಈ ನೋವು ಅರ್ಥವಾದೀತು. ತಾರಸಿ ಹಾಕಿ, ಬಣ್ಣ ಬಳಿದು, ಗೃಹಪ್ರವೇಶದ ದಿನ ಗೊತ್ತುಮಾಡಿದ ಮೇಲೆ ಅಡಿಪಾಯ ಬಿಚ್ಚಬೇಕೆಂದರೆ ಹೇಗಿರುತ್ತದೆ? ಹೊರಗಿನವರ ಟೀಕೆಗೂ ಇದು ಒಳ್ಳೆಯ ಅವಕಾಶ. ಆದರೆ ಸಂಸ್ಥೆಯು ಕಳಚಿತು. ಪ್ರತಿಯೊಂದು ದೊಡ್ಡ ಸುರುಳಿಯನ್ನೂ ಹೊರತೆಗೆದು, ಕೀಲುಗಳನ್ನು ಹೊಸದಾಗಿ ಮಾಡಿ, ಒಂದೊಂದನ್ನೂ ಬೇರೆಯಾಗಿ ತಂಪುಗೊಳಿಸಿ, ಪೂರ್ಣ ವಿದ್ಯುತ್ತು ಹರಿಸಿ ಪರೀಕ್ಷಿಸಿ, ಅನಂತರವೇ ಮತ್ತೆ ಜೋಡಿಸಿದರು. 2009ರಲ್ಲಿ ಹೊರಟ ಈ ಪುನರ್ನಿರ್ಮಾಣ 2012ರ ಹೊತ್ತಿಗೆ ಮುಗಿಯಿತು. 2013ರ ಜೂನಿನಲ್ಲಿ ಎಸ್‌ಎಸ್‌ಟಿ-1 ಯಂತ್ರದಲ್ಲಿ ಮೊದಲ ಪ್ಲಾಸ್ಮಾ ಬೆಳಗಿತು. ಡಾ. ಕಾವ್ ಅವರು ಅದರ ಹಿಂದಿನ ವರ್ಷವೇ ನಿರ್ದೇಶಕ ಸ್ಥಾನದಿಂದ ಇಳಿದಿದ್ದರು.

ಅಭಿಮಾನದ ಜೊತೆಗೆ ಸತ್ಯವನ್ನೂ ಹೇಳಬೇಕು. 1000 ಸೆಕೆಂಡಿನ ಸಂಕಲ್ಪವಿದ್ದ ಆ ಯಂತ್ರ ಮೊದಲ ವರ್ಷಗಳಲ್ಲಿ ಪ್ಲಾಸ್ಮಾವನ್ನು ಹಿಡಿದಿಟ್ಟದ್ದು ಅರ್ಧ ಸೆಕೆಂಡಿನ ಆಸುಪಾಸು. ಅತಿವಾಹಕ ಸುರುಳಿಗಳ ಇಂಥದೇ ಯಂತ್ರವನ್ನು ಚೀನಾದವರು ಹೆಫೆಯ್ ನಗರದಲ್ಲಿ 2006ರಲ್ಲೇ ಬೆಳಗಿಸಿದರು. 2025ರ ಜನವರಿಯಲ್ಲಿ ಅದು 1066 ಸೆಕೆಂಡು ಉರಿಯಿತು. ಮರುತಿಂಗಳು ಫ್ರಾನ್ಸಿನ ಯಂತ್ರವೊಂದು 1337 ಸೆಕೆಂಡು ಉರಿಯಿತು. ನಾವು ಹಿಂದುಳಿದೆವೆಂಬುದು ಅಂಕಿಗಳೇ ಹೇಳುವ ಮಾತು. ಬಡವರ ದೇಶಕ್ಕೆ ಈ ವೆಚ್ಚ ಬೇಕಿತ್ತೇ ಎಂದು ಕೇಳುವವರು ಇದ್ದಾರೆ, ಇರಬೇಕು ಕೂಡ. ನಮ್ಮ ಅಭಿಪ್ರಾಯ ಇಷ್ಟೇ: ದ್ರವ ಹೀಲಿಯಂನ ತಂಪಿನಲ್ಲಿ ಅತಿವಾಹಕ ಸುರುಳಿಗಳನ್ನು ನಡೆಸಬಲ್ಲ, ಸೋರಿಕೆಯನ್ನು ಹುಡುಕಿ ಮುಚ್ಚಬಲ್ಲ ಕೈಗಳು ಹಣ ಕೊಟ್ಟರೆ ಸಿಗುವ ಸರಕಲ್ಲ. ಸೋತು, ಕಳಚಿ, ಮತ್ತೆ ಕಟ್ಟಿದ ಆ ವರ್ಷಗಳಲ್ಲಿಯೇ ಅವು ಪಳಗಿದವು.

ಏಳು ಪಾಲುದಾರರ ಅಂಗಳದಲ್ಲಿ

ಫ್ರಾನ್ಸಿನ ದಕ್ಷಿಣದಲ್ಲಿ ಕದರಾಷ್ ಎಂಬಲ್ಲಿ ಐಟರ್ ಎಂಬ ಮಹಾಯಂತ್ರ ಎದ್ದುನಿಲ್ಲುತ್ತಿದೆ. 1985ರಲ್ಲಿ ಗೋರ್ಬಚೇವ್ ಮತ್ತು ರೇಗನ್ ಜಿನೀವಾದಲ್ಲಿ ಭೇಟಿಯಾದಾಗ ಮೊಳೆತ ಯೋಜನೆಯಿದು. 50 ಮೆಗಾವಾಟ್ ಕಾವನ್ನು ಊಡಿ 500 ಮೆಗಾವಾಟ್ ಸಮ್ಮಿಲನ ಶಕ್ತಿಯನ್ನು ಪಡೆಯುವುದು ಅದರ ಗುರಿ. ಯಂತ್ರದ ತೂಕ ಸುಮಾರು 23,000 ಟನ್. 2005ರ ಡಿಸೆಂಬರಿನಲ್ಲಿ ಭಾರತವನ್ನು ಇದರ ಏಳನೆಯ ಪಾಲುದಾರನನ್ನಾಗಿ ಸೇರಿಸಿಕೊಳ್ಳಲಾಯಿತು. 2006ರ ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು. ಚೀನಾ, ಯುರೋಪ್ ಒಕ್ಕೂಟ, ಜಪಾನ್, ಕೊರಿಯಾ, ರಷ್ಯಾ, ಅಮೆರಿಕಗಳೊಡನೆ ಭಾರತವೂ ಸಮಾನ ಆಸನದಲ್ಲಿ ಕುಳಿತಿತು. ಸ್ವಂತ ಕೈಯಿಂದ ಟೋಕಮಾಕು ಕಟ್ಟದ ದೇಶವಾಗಿದ್ದರೆ ಆ ಆಸನ ದೊರೆಯುತ್ತಿತ್ತೇ? ನಮಗೆ ಸಂದೇಹವಿದೆ. ಡಾ. ಕಾವ್ ಅವರು ಐಟರಿನ ವೈಜ್ಞಾನಿಕ ಮತ್ತು ತಾಂತ್ರಿಕ ಸಲಹಾ ಸಮಿತಿಯ ಅಧ್ಯಕ್ಷರಾಗಿಯೂ ದುಡಿದರು.

ಪಾಲುದಾರರು ಹಣಕ್ಕಿಂತ ಹೆಚ್ಚಾಗಿ ವಸ್ತುರೂಪದಲ್ಲಿಯೇ ತಮ್ಮ ಪಾಲನ್ನು ಸಲ್ಲಿಸಬೇಕು. ತಯಾರಿಕೆಯ ಜ್ಞಾನ ಮಾತ್ರ ಎಲ್ಲರಿಗೂ ಪೂರ್ತಿಯಾಗಿ ಸಲ್ಲುತ್ತದೆ. ಭಾರತಕ್ಕೆ ಬಂದ ಪಾಲಿನಲ್ಲಿ ದೊಡ್ಡದು ಕ್ರಯೋಸ್ಟಾಟ್. ಇಡೀ ಯಂತ್ರವನ್ನು ಒಳಗಿಟ್ಟುಕೊಂಡು ಅದರ ತಂಪನ್ನು ಕಾಯುವ ಉಕ್ಕಿನ ಹಂಡೆ ಎನ್ನಬಹುದು. ಎತ್ತರವೂ ಅಗಲವೂ ಸುಮಾರು 30 ಮೀಟರು. ತೂಕ 3,850 ಟನ್. ಗುಜರಾತಿನ ಹಜೀರಾದಲ್ಲಿ ಲಾರ್ಸೆನ್ ಅಂಡ್ ಟುಬ್ರೋ ಕಂಪನಿಯವರು ಅದರ ಭಾಗಗಳನ್ನು ತಯಾರಿಸಿ ಹಡಗಿನಲ್ಲಿ ಕಳುಹಿಸಿದರು. ಐಟರಿನ ಅಂಗಳದಲ್ಲಿಯೇ ಅವುಗಳನ್ನು ಬೆಸೆಯಲಾಯಿತು.

ಪ್ರಶಸ್ತಿಗಳ ವಿವರವನ್ನು ನಾವು ಲಂಬಿಸುವುದಿಲ್ಲ. 1985ರಲ್ಲಿ ಪದ್ಮಶ್ರೀ, ಮರುವರ್ಷ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, ಮುಂದೆ ಏಷ್ಯಾ ಪೆಸಿಫಿಕ್ ಭೌತವಿಜ್ಞಾನ ಸಂಘಗಳ ಒಕ್ಕೂಟದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಪ್ರಶಸ್ತಿ ಅವರಿಗೆ ಸಂದವು. ಸರ್. ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಸದಸ್ಯರೂ ಅವರಾಗಿದ್ದರು. ಅಧಿಕಾರದಿಂದ ಇಳಿದ ಮೇಲೂ ಅವರು ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಉಳಿದರು. ಸಿದ್ಧಾಂತದ ಹಳೆಯ ಪ್ರೀತಿಗೆ ಮರಳಿದರು.

2016ರ ಡಿಸೆಂಬರಿನಲ್ಲಿ, ಹಳೆಯ ಆದಿತ್ಯನನ್ನು ಬಿಚ್ಚಿ ಹೊಸ ಅಂಗಗಳನ್ನು ಜೋಡಿಸಿ ಆದಿತ್ಯ-ಯು ಎಂದು ಮತ್ತೆ ಬೆಳಗಿಸಲಾಯಿತು. ಅದಾಗಿ ಆರು ತಿಂಗಳಿಗೆ, 2017ರ ಜೂನಿನಲ್ಲಿ, ಡಾ. ಕಾವ್ ಅವರು ನಿಧನರಾದರು. ಅವರಿಗೆ ಅರವತ್ತೊಂಬತ್ತು ವರ್ಷವಾಗಿತ್ತು.

2020ರ ಮೇ ತಿಂಗಳಿನಲ್ಲಿ, ಜಗತ್ತೆಲ್ಲ ಕೊರೋನಾ ಕಾರಣದಿಂದ ಬಾಗಿಲು ಮುಚ್ಚಿಕೊಂಡಿದ್ದಾಗ, ಭಾರತದಿಂದ ಹೋದ ಆ ಕ್ರಯೋಸ್ಟಾಟಿನ 1,250 ಟನ್ ತೂಕದ ತಳಭಾಗವನ್ನು ಐಟರಿನ ಗುಂಡಿಯೊಳಕ್ಕೆ ಇಳಿಸಲಾಯಿತು. ಉಳಿದುದೆಲ್ಲ ಅದರ ಮೇಲೆಯೇ ಕೂರಬೇಕು. 2024ರಲ್ಲಿ ಪರಿಷ್ಕರಿಸಿದ ಯೋಜನೆಯ ಪ್ರಕಾರ ಅಲ್ಲಿ ಪ್ರಯೋಗಗಳು 2034ರಲ್ಲಿ ಪ್ರಾರಂಭವಾಗಬೇಕು. ಡ್ಯೂಟೀರಿಯಂ ಮತ್ತು ಟ್ರಿಟಿಯಂ ಉರಿಯುವುದು 2039ರಲ್ಲಿ. ನಮ್ಮ ಮನೆಗಳಲ್ಲಿ ಈಗ ಐದನೆಯ ತರಗತಿಯಲ್ಲಿ ಓದುತ್ತಿರುವ ಮಕ್ಕಳು ಆ ಹೊತ್ತಿಗೆ ಓದು ಮುಗಿಸಿ ಕೆಲಸಕ್ಕೆ ಸೇರುವ ವಯಸ್ಸಿನವರಾಗಿರುತ್ತಾರೆ.